ಒಂದೇ ಜಗ್ಗು, ಮೂರು ಗ್ಲಾಸು

ನವ್ಯಶ್ರೀ ಮೇಜಿನಿಂದ ಎದ್ದರು. ಎರಡು ಹೆಜ್ಜೆ ಇಟ್ಟು ಕಂಬ ಹಿಡಿದುಕೊಂಡರು. ಅಲ್ಲೇ ವಾಂತಿ ಮಾಡಿಕೊಂಡರು. ಮೈಯೆಲ್ಲ ಬೆವರುತ್ತಿತ್ತು.

ಸಂಜೆ ಏಳೂಮುಕ್ಕಾಲು. ಮೊದಲ ತಟ್ಟೆಯನ್ನು — ಮೂರು ಚೂರು ಬೀಟ್‌ರೂಟ್, ಮೇಲೊಂದು ಚಿಟಿಕೆ ಚೀಸ್ — ಇನ್ನೂ ಯಾರೂ ಮುಟ್ಟಿರಲಿಲ್ಲ. ಅವರ ಹೊಟ್ಟೆಗೆ ಹೋಗಿದ್ದದ್ದು ಒಂದು ಗ್ಲಾಸ್ ಮಾರ್ಗರೀಟ ಕಾಕ್‌ಟೇಲ್ ಮಾತ್ರ.

ಹೊಂಗಡಹಳ್ಳದ ರಸ್ತೆಯಲ್ಲಿ ಮಂಜುನಾಥಗೌಡರು ತಮ್ಮ ಎಸ್ಟೇಟಿನ ಹಳೆ ಕಾಫಿ ಸ್ಟೋರನ್ನು ಯುರೋಪಿಯನ್ ರೆಸ್ಟೋರೆಂಟ್ ಮಾಡಿ, ಪಕ್ಕಕ್ಕೆ ಕಾಕ್‌ಟೇಲ್ ಬಾರ್ ಇಟ್ಟು ಒಂದೂವರೆ ತಿಂಗಳಾಗಿತ್ತು. 2006ರ ಜುಲೈ. ನವ್ಯಶ್ರೀ ಬೆಂಗಳೂರಿನ ಪತ್ರಿಕೆಯೊಂದಕ್ಕೆ ಹೋಟೆಲುಗಳ ಬಗ್ಗೆ ಬರೆಯುವವರು. ಅವರು ನಾಲ್ಕು ಒಳ್ಳೆ ಮಾತು ಬರೆದರೆ ಜನ ಬರುತ್ತಾರೆಂದು ಗೌಡರೇ ಕರೆಸಿದ್ದರು. ಹಾಗೆ ಬಂದವರು ಸಲೈನ್ ಹಾಕಿಸಿಕೊಂಡು ಮಲಗಿದರು.

ಸಕಲೇಶಪುರದಿಂದ ಬಂದ ಡಾಕ್ಟರು ಅಲ್ಲಿ ಕೆಲಸ ಮಾಡುವ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು. ಇವರ ಹೊಟ್ಟೆಗೆ ಏನು ಹೋಗಿದೆ? ಅದು ಗೊತ್ತಾದರೆ ಔಷಧಿ ಕೊಡುವುದು ಸುಲಭ. ಮ್ಯಾನೇಜರ್ ಯೋಗಾನಂದ್ ಮುಂದೆ ಬಂದರು. ಬೆಂಗಳೂರಿನ ದೊಡ್ಡ ಹೋಟೆಲಿಂದ ಬಂದು ಮೂರು ವಾರವಾಗಿತ್ತು ಅವರಿಗೆ.

"ಡ್ರಿಂಕ್ ತಯಾರಿಸಿದ್ದು ಬಾರಿನ ರವಿ, ಸಾರ್. ಒಳ್ಳೆ ಮಾಲು ಮಾರಿಕೊಂಡು ಬಾಟಲಿಗೆ ಏನೋ ಬೆರೆಸಿರಬೇಕು."

ಬೆಳಗಾಗುವಷ್ಟರಲ್ಲಿ 'ಇರಬೇಕು' ಹೋಗಿ 'ಬೆರೆಸಿದ್ದಾನೆ' ಆಗಿತ್ತು. ಹನ್ನೊಂದಕ್ಕೆ ಎಸ್.ಐ. ಬರುತ್ತಾರೆ, ರವಿಯನ್ನು ಒಪ್ಪಿಸುತ್ತೇನೆ ಎಂದರು ಗೌಡರು. ಕಲಬೆರಕೆ ಸಾರಾಯಿ ಕೇಸೆಂದರೆ ಜೈಲು. ಆಮೇಲೆ ಯಾವ ಬಾರಿನವರೂ ಹತ್ತಿರ ಸೇರಿಸುವುದಿಲ್ಲ. ರವಿ ಹೊಂಗಡಹಳ್ಳದವನು. ಮಂಗಳೂರಿನಲ್ಲಿ ಗ್ಲಾಸು ತೊಳೆಯುತ್ತ ನಿಂತು ನೋಡಿಯೇ ಕೆಲಸ ಕಲಿತವನು. ಬೇರೆ ಕೆಲಸ ಗೊತ್ತಿಲ್ಲ.

ಆಗ ಗೌಡರ ಮುಂದೆ ಹೋಗಿ ನಿಂತವರು ಗೇಟಿನ ಚನ್ನಬಸವಯ್ಯ. ಪಾಳ್ಯದ ಕಡೆಯವರು, ಅಬಕಾರಿ ಇಲಾಖೆಯಲ್ಲಿ ಗಾರ್ಡಾಗಿದ್ದು ರಿಟೈರಾದವರು. ಹಣೆಗೆ ಮೂರು ಪಟ್ಟೆ ವಿಭೂತಿ ಇಲ್ಲದೆ ಗೇಟು ತೆಗೆಯುವವರಲ್ಲ.

"ಹನ್ನೊಂದರವರೆಗೆ ನಂಗೆ ಬುಡಿ ಗೌಡ್ರೆ," ಎಂದರು. "ಮೂವತ್ತು ವರ್ಷ ಹೆಂಡ ಮೂಸಿದೀನಿ. ಒಂದಿನ ಕುಡ್ದಿಲ್ಲ. ಅದಕ್ಕೇ ಮೂಗು ಕೆಟ್ಟಿಲ್ಲ."

ಗೌಡರು ಹೂಂ ಅಂದರು. ಬರೆದುಕೊಳ್ಳಲು ರಿಸೆಪ್ಷನ್ನಿನಿಂದ ನನ್ನನ್ನು ಕರೆದರು ಚನ್ನಬಸವಯ್ಯ. ನಾವು ಬಾರಿನ ಕಡೆ ಹೊರಟಾಗ ವರಾಂಡ ಗುಡಿಸುವ ದೇವೀರಮ್ಮ, ಗಮ್‌ಬೂಟುಗಳ ಪಕ್ಕದ ಜಾಡಿ ಹಿಡಿದುಕೊಂಡು ಯಾರನ್ನೋ ಬೈಯುತ್ತಿದ್ದಳು. ಅವಳು ದಿನಾ ಯಾರನ್ನಾದರೂ ಬೈಯುತ್ತಾಳೆ. ನಾನು ನಿಲ್ಲಲಿಲ್ಲ.

ಬಾರಿನಲ್ಲಿ ಅವರು ಒಂದೊಂದೇ ಬಾಟಲಿಯ ಬಿರಡೆ ತೆಗೆದು ಮೂಸಿದರು. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ ಮತ್ತೆ ಮೂಸಿದರು.

"ಬಾಟಲಿ ಚೊಕ್ಕ ಐತೆ. ರವಿ, ಮೂರು ಗ್ಲಾಸಿಗೂ ಬೇರೆ ಬೇರೆ ಮಾಡಿದ್ಯೋ?"

"ಇಲ್ಲ. ಒಂದೇ ಜಗ್ಗು. ನವ್ಯಶ್ರೀ ಮೇಡಮ್ಮಿಗೆ, ಗೌಡ್ರಿಗೆ, ಅಮ್ಮಾವ್ರಿಗೆ — ಅದರಿಂದ್ಲೇ ಸುರಿದೆ."

"ಗ್ಲಾಸು?"

"ಒಳಗಿಂದ ಬಂದ್ವು. ಅಂಚಿಗೆ ಉಪ್ಪು ಹಚ್ಚಿ, ಟ್ರೇಲಿಟ್ಟು, ಅಡುಗೆಮನೆ ಕಿಟಕಿಗೆ ಇಟ್ಟಿದ್ರು."

"ಯಾರು?"

"ನೋಡ್ಲಿಲ್ಲ. ಐಸ್ ಒಡೀತಿದ್ದೆ. ಮೇಣದಬತ್ತಿ ಬಿಟ್ಟು ಬೇರೆ ದೀಪ ಬೇಡ ಅಂತ ಮ್ಯಾನೇಜರ್ ಸಾಹೇಬ್ರ ಆರ್ಡರು."

ಒಂದೇ ಜಗ್ಗು, ಮೂರು ಗ್ಲಾಸು. ಮಲಗಿದ್ದು ಒಬ್ಬರೇ. ಯಾಕೆ?

ಒಳಗೆ ಆಗ ಇದ್ದವರು ಮೂವರು: ಅಡುಗೆಯ ಗುಂಡಯ್ಯ, ಬಡಿಸುವ ಬಾಲು, ಯೋಗಾನಂದ್. ಗ್ಲಾಸು ತಾವು ಮುಟ್ಟಿಲ್ಲ ಎಂದು ಮೂವರೂ ಹೇಳಿದರು. ಗುಂಡಯ್ಯ ಇನ್ನೊಂದು ಮಾತನ್ನೂ ಹೇಳಿದ. ಗ್ಲಾಸಿಗೆ ಹಚ್ಚುವ ಹರಳುಪ್ಪು ಮಧ್ಯಾಹ್ನವೇ ಮುಗಿದಿತ್ತು, ಎಲ್ಲರಿಗೂ ತಿಳಿಸಿದ್ದೆ ಎಂದ.

"ಮುಗಿದಿದ್ರೆ ಗ್ಲಾಸಿಗೆ ಹತ್ತಿದ್ದು ಎಲ್ಲಿಂದ ಬಂತು?" ಎಂದರು ಚನ್ನಬಸವಯ್ಯ.

ಗುಂಡಯ್ಯ ಖಾಲಿ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಗೌಡರನ್ನೂ ಅವರ ಹೆಂಡತಿ ರಾಜಲಕ್ಷ್ಮಮ್ಮನವರನ್ನೂ ಕೇಳಿದೆವು. ಅಮ್ಮಾವ್ರು ತಣ್ಣಗಿನದು ಹಲ್ಲಿಗೆ ತಾಗಿದರೆ ಜುಂ ಅನ್ನುತ್ತದೆಂದು ಸ್ಟ್ರಾದಲ್ಲಿ ಕುಡಿದಿದ್ದರು. ಗೌಡರು ಮಾತ್ರ ನನ್ನ ಕಡೆ ನೋಡಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಗ್ಲಾಸಿನ ಬಾಯಿಗೆ ಏನೋ ಗಲೀಜು ಮೆತ್ಕೊಂಡಿತ್ತು ಕಣ್ರೀ. ಸರಿಯಾಗಿ ತೊಳ್ದಿಲ್ಲ ಅನ್ಕೊಂಡೆ. ಬೆಂಗಳೂರಿನವರ ಮುಂದೆ ಕೂಗಾಡೋಕಾಗುತ್ತಾ? ಸುಮ್ಮನೆ ಒರೆಸ್ಕೊಂಡು ಕುಡ್ದೆ."

"ಇಷ್ಟು ದೊಡ್ಡ ಬಾರು ಇಟ್ಟಿದೀರಲ್ಲ, ಅದು ನೆಕ್ಕೊಂಡು ಕುಡಿಯೋ ಉಪ್ಪು ಕಣ್ರೀ," ಎಂದರು ರಾಜಲಕ್ಷ್ಮಮ್ಮ.

"ನಾನು ವಿಸ್ಕಿ-ಸೋಡಾದವನು, ಮಾರಾಯ್ತಿ. ನಂಗೇನು ಗೊತ್ತು?"

ಚನ್ನಬಸವಯ್ಯ ನಗಲಿಲ್ಲ. "ಯಾವುದರಲ್ಲಿ ಒರೆಸಿದ್ರಿ?"

ತೊಡೆ ಮೇಲೆ ಹಾಸುವ ಬಿಳಿ ಬಟ್ಟೆ. ರಾತ್ರಿ ಎಲ್ಲರೂ ಬಾಟಲಿ, ಜಗ್ಗು, ಗ್ಲಾಸುಗಳ ಹಿಂದೆ ಬಿದ್ದಿದ್ದರು. ಗ್ಲಾಸುಗಳನ್ನು ಆಗಲೇ ತೊಳೆದಾಗಿತ್ತು. ಬಟ್ಟೆಗಳು ಒಗೆಯುವ ಬುಟ್ಟಿಯಲ್ಲೇ ಇದ್ದವು. ಒಂದರ ಮೂಲೆಯಲ್ಲಿ ಉಪ್ಪಿನ ಹರಳುಗಳು ಗಟ್ಟಿಯಾಗಿ ಅಂಟಿದ್ದವು. ನಡುನಡುವೆ ಕಂದು ಚುಕ್ಕೆ. ಚನ್ನಬಸವಯ್ಯ ಮೂಸಿ ನನ್ನ ಮೂಗಿನ ಹತ್ತಿರ ಹಿಡಿದರು.

"ಏನು ವಾಸನೆ, ಶೀಲಮ್ಮ?"

ಗೊತ್ತಿರುವ ವಾಸನೆಯೇ. ನಮ್ಮಜ್ಜಿಯ ಎಲೆಅಡಿಕೆ ಸಂಚಿ ನೆನಪಾಯಿತು. ಅಷ್ಟೇ ಹೇಳಿದೆ. ಅವರು ಬಟ್ಟೆ ಮಡಿಸಿ ಜೇಬಿಗಿಟ್ಟುಕೊಂಡು ವರಾಂಡಕ್ಕೆ ಹೊರಟರು.

ದೇವೀರಮ್ಮನ ಬೈಗುಳ ಇನ್ನೂ ಮುಗಿದಿರಲಿಲ್ಲ.

"ಯಾವ ಮುಂಡೇಮಗ ಇದ್ರಲ್ಲಿ ಪುಡಿ ಉಪ್ಪು ತುಂಬ್ಸಿದ್ನೋ! ನೋಡಿ ಅಯ್ಯನೋರೆ, ಸುಣ್ಣದಂಗೆ ಬೆಳ್ಳಗೈತೆ."

ಚನ್ನಬಸವಯ್ಯ ಜಾಡಿಯೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ ಮೂವರನ್ನೂ ಒಬ್ಬೊಬ್ಬರಾಗಿ ಒಂದೇ ಪ್ರಶ್ನೆ ಕೇಳಿದರು. ವರಾಂಡದ ಜಾಡಿಯಲ್ಲಿ ಏನಿರುತ್ತದೆ?

"ಇಂಬಳಕ್ಕೆ ಉಪ್ಪು-ಹೊಗೆಸೊಪ್ಪು. ಅದೇನು ಕೇಳೋ ಮಾತಾ?" ಎಂದ ಗುಂಡಯ್ಯ.

"ತೋಟ ಸುತ್ತೋಕೆ ಹೋಗೋರ ಕಾಲಿಗೆ ಉಜ್ಜೋ ಮಾಲು, ಸಾ," ಎಂದ ಬಾಲು. "ಹೊಗೆಸೊಪ್ಪಿನ ಘಾಟಿಗೆ ರಕ್ತ ಹೀರೋ ಇಂಬಳ ಹತ್ರ ಬರಲ್ಲ. ನಮ್ಮ ಹೆಂಗಸ್ರೂ ಬರಲ್ಲ."

ಯೋಗಾನಂದ್ ಬೂಟಿನ ಲೇಸು ಬಿಗಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಉಪ್ಪು. ಬರೀ ಉಪ್ಪು. ಯಾಕೆ?"

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಚನ್ನಬಸವಯ್ಯ ಎಲ್ಲರನ್ನೂ ಊಟದ ಹಾಲಿಗೆ ಸೇರಿಸಿದರು. ಬಿಳಿ ಬಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿದರು, ಪಕ್ಕದಲ್ಲಿ ಜಾಡಿ ಇಟ್ಟರು.

"ಹೆಂಡದಲ್ಲಿ ಏನೂ ಇರಲಿಲ್ಲ. ಇದ್ದಿದ್ದು ಅಂಚಿನಲ್ಲಿ. ಗೌಡ್ರು ಒರೆಸ್ಕೊಂಡ್ರು, ಅಮ್ಮಾವ್ರು ಸ್ಟ್ರಾದಲ್ಲಿ ಕುಡಿದ್ರು. ಕುಡಿಯೋ ಕ್ರಮ ಗೊತ್ತಿದ್ದೋರು ಆ ಮೇಡಮ್ ಒಬ್ರೇ. ಅಂಚು ನೆಕ್ಕಿದ್ರು, ಹೊಗೆಸೊಪ್ಪು ತಿಂದ್ರು."

ಗೌಡರು ಬಟ್ಟೆಯನ್ನೇ ನೋಡುತ್ತಿದ್ದರು.

"ಹರಳುಪ್ಪು ಮುಗಿದಿತ್ತು. ಒಬ್ರು ಹುಡುಕ್ಕೊಂಡು ವರಾಂಡಕ್ಕೆ ಬಂದ್ರು. ಇಲ್ಲಿ ಹುಟ್ಟಿದ ಯಾವ ಮಗುವೂ ಆ ಜಾಡಿಗೆ ಕೈ ಹಾಕಿ ಕುಡಿಯೋ ಗ್ಲಾಸಿಗೆ ಹಚ್ಚಲ್ಲ. ಅದು ಮೊದಲನೇದು. ಎರಡನೇದು ಈ ಬಿಳಿ ಉಪ್ಪು. ಸಾಕ್ಷಿ ಅಳಿಸೋಕೆ ಜಾಡಿ ಬರಿದು ಮಾಡಿ ಪ್ಯಾಕೆಟ್ ಉಪ್ಪು ಸುರಿದಿದಾರೆ. ಗುಂಡಯ್ಯನೋ ಬಾಲುವೋ ಆಗಿದ್ರೆ ಒಂದು ಎಸಳು ಹೊಗೆಸೊಪ್ಪು ಪುಡಿ ಮಾಡಿ ಸೇರಿಸ್ತಿದ್ರು. ಬೆಳ್ಳಗಿದ್ರೆ ದೇವೀರಮ್ಮ ಬೊಬ್ಬೆ ಹಾಕ್ತಾಳೆ ಅಂತ ಗೊತ್ತಿರೋರು ಅವರು. ಈ ಜಾಡಿಲಿ ಏನಿರುತ್ತೆ ಅಂತ ಊರಿಗೇ ಗೊತ್ತು. ಹಂಗಂತ ತಿಳಿಯದೋರು ಇಲ್ಲಿ ಒಬ್ರೇ. ಮೂರು ವಾರದಿಂದ ಒಂದ್ಸಲವೂ ತೋಟಕ್ಕೆ ಇಳಿಯದೋರು."

ಯೋಗಾನಂದ್ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಗುಂಡಯ್ಯ ಒಣಸೊಪ್ಪು ಬೆರೆಸಿ ಮಾಡಿಟ್ಟ ಹರ್ಬ್ ಸಾಲ್ಟ್ ಅಂದುಕೊಂಡೆ. ಹಳೇ ಹೋಟೆಲಲ್ಲಿ ಹಾಗೇ ಜಾಡಿಯಲ್ಲಿ ಇಡ್ತಿದ್ವಿ. ಬೇಕಂತ ಮಾಡಿಲ್ಲ."

"ಒಪ್ಪಿದೆ. ಅದು ಏನು ಅಂತ ಯಾವಾಗ ಗೊತ್ತಾಯ್ತು?"

ಯೋಗಾನಂದ್ ಜಾಡಿಯಿಂದ ಕಣ್ಣು ತೆಗೆದರು. "ಅವರು ವಾಂತಿ ಮಾಡಿದ ಕೂಡಲೇ ಹೋಗಿ ಮೂಸಿ ನೋಡಿದೆ."

"ಹಂಗಾದ್ರೆ ಡಾಕ್ಟ್ರು ಕೇಳ್ದಾಗ ನಿಮಗೆ ಗೊತ್ತಿತ್ತು. ಹೊಟ್ಟೆಗೆ ಏನು ಹೋಗಿದೆ ಅಂತ ಕೇಳಿದ್ರು. ನೀವು ರವಿ ಹೆಸರು ಹೇಳಿದ್ರಿ." ಚನ್ನಬಸವಯ್ಯ ಬಟ್ಟೆ ಮಡಿಸಿದರು. "ಜಾಡಿ ತಪ್ಪಿದ್ದು ಕಣ್ತಪ್ಪು. ಇದು ಬೇಕಂತ ಮಾಡಿದ್ದು."

ಅಂಗಳದಲ್ಲಿ ಜೀಪು ನಿಂತ ಸದ್ದು. ರವಿ ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದವನು ಮುಂದೆ ಬಂದ.

"ಗೌಡ್ರೆ, ಈಗ ಯಾರ ಹೆಸರು ಹೇಳ್ತೀರಿ?"

ಗೌಡರು ಕಿಟಕಿಯಿಂದ ಜೀಪಿನ ಕಡೆ ನೋಡಿದರು. ನಿಜ ಹೇಳಿದರೆ ರೆಸ್ಟೋರೆಂಟಿನ ಹೆಸರು ಹೋಗುತ್ತದೆ, ಸುಳ್ಳು ಹೇಳಿದರೆ ರವಿ ಹೋಗುತ್ತಾನೆ. ಅವರು ಲೆಕ್ಕ ಹಾಕುತ್ತಿದ್ದದ್ದು ನಮಗೆಲ್ಲ ಕಾಣುತ್ತಿತ್ತು. ರಾಜಲಕ್ಷ್ಮಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು.

"ಶೀಲಾ, ಡಾಕ್ಟ್ರಿಗೆ ಫೋನ್ ಮಾಡು," ಎಂದರು ಗೌಡರು ಕೊನೆಗೆ. "ಹೊಗೆಸೊಪ್ಪು ಅಂತ ಹೇಳು. ಯೋಗಾನಂದ್, ನೀವು ನನ್ನ ಜೊತೆ ಜೀಪಿನ ಹತ್ರ ಬನ್ನಿ."

ಫೋನ್ ಮುಗಿಸಿ ನಾನು ವರಾಂಡಕ್ಕೆ ಬಂದಾಗ ದೇವೀರಮ್ಮ ಹೊಸದಾಗಿ ಹೊಗೆಸೊಪ್ಪು ಕುಟ್ಟುತ್ತಿದ್ದಳು. ಯೋಗಾನಂದ್ ಹೊಳೆಯುವ ಬೂಟಿನಲ್ಲಿ ಒದ್ದೆ ಹುಲ್ಲಿನ ಮೇಲೆ ನಿಂತು ಎಸ್.ಐ.ಗೆ ಏನೋ ವಿವರಿಸುತ್ತಿದ್ದರು. ಅವರ ಕಾಲುಚೀಲದ ಮೇಲೆ ಒಂದು ಇಂಬಳ ಮೆಲ್ಲಗೆ ಮೇಲೇರುತ್ತಿತ್ತು.

ನನಗೆ ಕಂಡಿತು. ರವಿಗೂ ಕಂಡಿತು. ಇಬ್ಬರೂ ಸುಮ್ಮನಿದ್ದೆವು.