ಹರಳೆಣ್ಣೆ ಕುಡಿದ ಪಿಕಪ್ಪು

ಪಿಕಪ್ಪಿನ ಕೆಳಗಿನಿಂದ ಎರಡು ಕಾಲುಗಳು ಮಾತ್ರ ಆಚೆ ಕಾಣುತ್ತಿದ್ದವು. ಮುನಿಗಂಗೆ ಆ ಕಾಲುಗಳ ಜೊತೆಗೇ ಮಾತಾಡುತ್ತಿದ್ದಳು.

"ಇವತ್ತೂ ಸೋರ್ತಾ ಐತಾ, ಡ್ರೈವರೇ?"

"ಸೋರದೆ ಏನಮ್ಮಾ ಮಾಡ್ತದೆ? ಹೊಸ ಸೊಸೆ ಕಣ್ಣಂಗೆ ಸೋರ್ತಾನೇ ಐತೆ," ಎಂದವು ಕಾಲುಗಳು.

"ಸೊಸೆ ಕಣ್ಣು ನಿಮಗೆ ಹೆಂಗೆ ಗೊತ್ತು? ಮದುವೇನೇ ಆಗಿಲ್ಲ."

"ಆಗಿದ್ದಿದ್ರೆ ಗಾಡಿ ಕೆಳಗೆ ಯಾಕೆ ಮಲಗ್ತಿದ್ದೆ?"

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಚನ್ನರಾಯ ಹೊರಗೆ ಜಾರಿ ಬಂದ. ಮೂಗಿನ ತುದಿಯಲ್ಲಿ ಎಣ್ಣೆ ಮೆತ್ತಿತ್ತು. ಒರೆಸಿಕೊಳ್ಳಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವನು ನೋಡುತ್ತಲೇ ಇದ್ದ. ಅವಳು ಬೀನ್ಸ್ ಮೂಟೆಯ ಕಡೆ ಮುಖ ತಿರುಗಿಸಿದಳು.

ಸುಗಟೂರಿನ ಆಚೆಗಿದ್ದ ಆ ಹಳ್ಳಿಯಿಂದ ಕೋಲಾರದ ಮಂಡಿಗೆ ತರಕಾರಿ ಹೊರುತ್ತಿದ್ದುದು ಅದೊಂದೇ ಪಿಕಪ್ಪು. ಮಂಡಿ ಸುಬ್ಬರಾಯಪ್ಪನವರು ಯಾವುದೋ ಹರಾಜಿನಲ್ಲಿ ಹಿಡಿದ ಅಮೆರಿಕದ ಮುದಿ ಗಾಡಿ. ಸ್ಟೀರಿಂಗು ಎಡಗಡೆ, ಅದೂ ಪವರ್ ಸ್ಟೀರಿಂಗು. ಎಂಬತ್ತೆರಡನೇ ಇಸವಿಯಲ್ಲಿ ನಮ್ಮ ಸೀಮೆಯಲ್ಲಿ ಅಂಥದ್ದನ್ನು ಕಂಡವರು ಎಷ್ಟು ಜನ? ಬಾನೆಟ್ಟಿನೊಳಗಿನ ಪುಟ್ಟ ಡಬ್ಬಿಯಲ್ಲಿ ಎಣ್ಣೆಯಿದ್ದರೆ ಸ್ಟೀರಿಂಗು ಬೆರಳಿಗೆ ತಿರುಗುತ್ತಿತ್ತು. ಎಣ್ಣೆ ಸೋರಿಹೋದರೆ ರಾಗಿ ಬೀಸುವ ಕಲ್ಲು.

ಊರಾಚೆ ಕೆರೆ ಕಟ್ಟೆ. ಕಟ್ಟೆಯ ಮೇಲೊಂದು ಕಡಿದಾದ ತಿರುವು, ಪಕ್ಕದಲ್ಲಿ ನೀರು. ಒಂದು ಬೆಳಿಗ್ಗೆ ಮೂಟೆ ತುಂಬಿದ ಪಿಕಪ್ಪು ಆ ತಿರುವಿನಲ್ಲಿ ಅರ್ಧ ತಿರುಗಿ ನಿಂತುಬಿಟ್ಟಿತ್ತು. ಮುಂದಿನ ಚಕ್ರ ಅಂಚಿನ ಹುಲ್ಲಿನ ಮೇಲೆ. ಚನ್ನರಾಯ ಸೀಟಿನಿಂದ ಎದ್ದು ನಿಂತು, ಮೈಯ ಭಾರವನ್ನೆಲ್ಲ ಹಾಕಿ ಸ್ಟೀರಿಂಗು ಎಳೆಯುತ್ತಿದ್ದ. ಹೊಲದಲ್ಲಿದ್ದ ಮುನಿಗಂಗೆ ಕೈಯಲ್ಲಿದ್ದ ಕುಡುಗೋಲನ್ನು ಮರೆತು ನಿಂತಳು. ಗಾಡಿ ದಾಟಿತು. ಅವಳ ಎದೆ ಮಾತ್ರ ದಾಟಲಿಲ್ಲ.

ಮರುದಿನದಿಂದ ಅವಳಿಗೊಂದು ಗುಟ್ಟಿನ ಕೆಲಸ ಹತ್ತಿತು. ಅಪ್ಪ ಇದ್ದ ಕಾಲದಲ್ಲಿ ಗಾಲಿಯ ಕೀಲಿಗೆ ಹರಳೆಣ್ಣೆ ಹಚ್ಚದೆ ಎತ್ತಿನ ಗಾಡಿ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಒಣಗಿದ ಕೀಲಿನ ಗಾಡಿಯನ್ನು ಹೊರಗೆ ಕಳಿಸುವುದೆಂದರೆ ಮನೆಯವರನ್ನು ಉಪವಾಸ ಕಳಿಸಿದ ಹಾಗೆ. ಚನ್ನರಾಯ ಟೀ ಕುಡಿಯಲು ಹೋದಾಗ ಅವಳು ಬಾನೆಟ್ಟು ಎತ್ತಿ, ಹೊಲದ ಬದುವಿನ ಹರಳಿನಿಂದ ಮನೆಯಲ್ಲೇ ತೆಗೆದ ಎಣ್ಣೆಯನ್ನು ಆ ಡಬ್ಬಿಗೆ ಸುರಿಯುತ್ತಿದ್ದಳು. ಸುರಿಯುವಾಗ ಮನಸ್ಸಿನಲ್ಲೇ, 'ಹುಷಾರಾಗಿ ಹೋಗಿ ಬನ್ನಿ' ಎನ್ನುತ್ತಿದ್ದಳು. ಎದುರಿಗೆ ಹೇಳಲು ಅವಳು ಯಾರು?

ಊರಿನ ಹೆಣ್ಣುಮಕ್ಕಳೆಲ್ಲ ಅವನನ್ನು ಚನ್ನರಾಯಣ್ಣ ಎನ್ನುತ್ತಿದ್ದರು. "ನೀನೂ ಅಣ್ಣಾ ಅನ್ನೇ. ಅದೇನೇ ಡ್ರೈವರೇ, ಡ್ರೈವರೇ ಅಂತ?" ಎಂದು ತಾಯಿ ಆಂಜಿನಮ್ಮ ಗದರಿದ್ದಳು. ಮುನಿಗಂಗೆಗೆ ನಾಲಿಗೆ ತಿರುಗಲೇ ಇಲ್ಲ.

ಮೆಕ್ಯಾನಿಕ್ ಆವಲಪ್ಪ ಕೋಲಾರದಿಂದ ಬಂದು, ಸ್ಟೀರಿಂಗಿಗೆ ಆ ಎಣ್ಣೆ ತಳ್ಳುವ ಪಂಪಿನ ಸೀಲು ಬದಲಿಸಿ ಹೋದ. ವಾರ ಕಳೆಯುವುದರೊಳಗೆ ಮತ್ತೆ ಸೋರಿತು. ಇನ್ನೊಂದು ಹಾಕಿದ. ಅದೂ ಸೋರಿತು. ಮೂರನೆಯದನ್ನೂ ಹಾಕಿದ. ಸುಬ್ಬರಾಯಪ್ಪನವರಿಗೆ ರೇಗಿತು. "ಇನ್ನೊಂದು ಸಲ ಸೋರಿದ್ರೆ ಗಾಡಿ ಗುಜರಿಗೆ, ನೀನು ಶ್ರೀನಿವಾಸಪುರಕ್ಕೆ," ಎಂದು ಚನ್ನರಾಯನಿಗೆ ಎಲ್ಲರೆದುರಿಗೇ ಹೇಳಿದರು. ಅಲ್ಲಿ ಅವನ ತಾಯಿ ಕಂಡವರ ಮಾವಿನ ತೋಪಿನಲ್ಲಿ ಕೂಲಿ ಮಾಡುತ್ತಿದ್ದಳು.

ಶ್ರೀನಿವಾಸಪುರ! ಮುನಿಗಂಗೆಗೆ ಅದು ಕಾಶಿಯಷ್ಟು ದೂರ ಅನ್ನಿಸಿತು. ಕೈಯಲ್ಲಿ ಇನ್ನೇನಿದೆ? ಮಾರನೇ ಬೆಳಿಗ್ಗೆ ಡಬ್ಬಿಗೆ ಇನ್ನಷ್ಟು ಎಣ್ಣೆ ಸುರಿದಳು.

ಆವತ್ತೇ ಗಾಡಿ ಹಳ್ಳಿಯ ಬಾಗಿಲು ದಾಟುವ ಮೊದಲೇ ಗುರ್ರೆಂದು ನರಳಿ, ನೆಲಕ್ಕೆಲ್ಲ ಎಣ್ಣೆ ಕಾರಿಕೊಂಡಿತು.

ಮಧ್ಯಾಹ್ನದ ಹೊತ್ತಿಗೆ ಸುಬ್ಬರಾಯಪ್ಪನವರೂ ಆವಲಪ್ಪನೂ ಬಂದಿಳಿದರು. ಆವಲಪ್ಪ ಡಬ್ಬಿಗೆ ಬೆರಳು ಅದ್ದಿದ, ಮೂಸಿದ, ಇನ್ನೊಮ್ಮೆ ಮೂಸಿದ.

"ಲೇ ಚನ್ನರಾಯ, ಇದು ಹರಳೆಣ್ಣೆ ಕಣೋ! ಬೆಳಗಿನ ಚಳಿಗೆ ಅಂಟಿನಂಗೆ ಗಟ್ಟಿಯಾಗೈತೆ. ಪಂಪ್ ತಳ್ಳೋಕಾಗ್ದೆ ಸೀಲ್ ಕಿತ್ಕೊಂಡೈತೆ. ಮೂರ್ ಸೀಲ್ ತಿಂದಿದ್ದು ಇದೇ. ಗಾಡಿಗೇನ್ಲಾ ಭೇದಿ ಮಾಡಿಸ್ತಿದ್ದೀಯಾ?"

"ನನ್ನ ತಾಯಾಣೆ ನಾನು ಹಾಕಿಲ್ಲ."

"ನೀನಲ್ದೆ ಯಾರಪ್ಪಾ ಮುಟ್ಟೋರು? ಕೀಲಿ ಕೊಡು," ಎಂದು ಸುಬ್ಬರಾಯಪ್ಪ ಕೈ ಚಾಚಿದರು.

ಚನ್ನರಾಯ ಜೇಬಿಗೆ ಕೈ ಹಾಕಿದ. ತಲೆ ತಗ್ಗಿಸಿ ಕೀಲಿ ಹುಡುಕಿದ. ಮೂಟೆಗಳ ಪಕ್ಕದಲ್ಲಿದ್ದ ಮುನಿಗಂಗೆ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಹೇಳಿದರೆ ಊರೆಲ್ಲ ಯಾಕೆ ಎಂದು ಕೇಳುತ್ತದೆ. ಹೇಳದಿದ್ದರೆ ಅವನು ಬಸ್ಸು ಹತ್ತುತ್ತಾನೆ.

"ನಾನು ಹಾಕಿದ್ದು, ಯಜಮಾನ್ರೇ."

ಆಂಜಿನಮ್ಮ ಗಕ್ಕನೆ ತಿರುಗಿದಳು.

"ನೀನಾ? ನನ್ನ ಗಾಡಿ ಚಿಂತೆ ನಿನಗ್ಯಾಕಮ್ಮಾ?" ಎಂದರು ಸುಬ್ಬರಾಯಪ್ಪ.

"ಗಾಡಿ ಚಿಂತೆ ಅಲ್ಲ." ಮಾತು ಅಲ್ಲಿಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. "ಆ ಕಟ್ಟೆ ಮೇಲೆ ತಿರುಗೋವಾಗ... ಇವರು ಎದ್ದು ನಿಂತ್ಕೊಂಡು ಎಳೀತಾರೆ. ನಂಗೆ ನೋಡೋಕಾಗಲ್ಲ."

ಆವಲಪ್ಪ ಬೆರಳನ್ನು ಮತ್ತೆ ಮೂಸಿ, ಪ್ಯಾಂಟಿಗೆ ಒರೆಸಿಕೊಂಡ. ಮುನಿಗಂಗೆಯ ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು.

ಸುಬ್ಬರಾಯಪ್ಪನವರು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. "ರಿಪೇರಿ ಆಯ್ತದೇನಯ್ಯಾ?"

"ಸೀಮೆಎಣ್ಣೇಲಿ ತೊಳೆದು ಹೊಸ ಸೀಲ್ ಹಾಕಿದ್ರೆ ಹೊಸದ್ರಂಗಿರ್ತದೆ. ಆದ್ರೆ ಶೆಡ್ಡಿಗೆ ತರ್ಬೇಕು. ಪಂಪಿನ ಬೆಲ್ಟು ಬಿಚ್ಚಿಬಿಡ್ತೀನಿ, ಬರೀ ತೋಳಿನ ಬಲದಲ್ಲೇ ಓಡಿಸ್ಬೇಕು."

"ಓಡಿಸಲಿ. ಇವನು ಎಲ್ಲೂ ಹೋಗೋದು ಬೇಡ. ಮಿಕ್ಕಿದ್ದು ಆಂಜಿನಮ್ಮನ್ನ ಕೇಳ್ಕೊಳ್ಳಲಿ," ಎಂದ ಅವರು, ಆವಲಪ್ಪ ಬೆಲ್ಟು ಬಿಚ್ಚಿ ಮುಗಿಸಿದ ಮೇಲೆ ಅವನ ಮೋಟರ್ ಸೈಕಲ್ಲಿನ ಹಿಂದೆ ಕೂತು ಹೊರಟುಹೋದರು.

ಚನ್ನರಾಯ ಆಂಜಿನಮ್ಮನ ಎದುರಿಗೆ ನಿಂತ. "ಅಮ್ಮಾ, ಆ ತಿರುವಿನಲ್ಲಿ ಒಬ್ಬನ ಕೈಗೆ ಆಗಲ್ಲ. ಇನ್ನೊಂದು ಜೊತೆ ಕೈ ಬೇಕು."

"ಊರಲ್ಲಿ ಗಂಡಸರು ಇಲ್ವೇನೋ?"

"ಅವ್ರೇ," ಎಂದ ತಲೆಯೆತ್ತದೆ, ಮುನಿಗಂಗೆಯ ಕಡೆ ಕೈ ತೋರಿಸಿ, "ಅವ್ರೇ ಬೇಕು ನಂಗೆ."

ಆಂಜಿನಮ್ಮ ಮಗಳನ್ನು ನೋಡಿದಳು, ಅವನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಹಿಂಭಾಗಕ್ಕೆ ಹತ್ತಿ ಕೂತಳು. "ಹತ್ತೇ ಮಾರಾಯ್ತಿ. ಕೋಲಾರಕ್ಕೆ ನಾನೂ ಬರ್ತೀನಿ."

ಕಟ್ಟೆಯ ಮೇಲೆ ಪಿಕಪ್ಪು ಆಮೆಯಂತೆ ಸಾಗಿತು. ಬಲಗಡೆ ಕೂತ ಮುನಿಗಂಗೆಯ ಕಿಟಕಿಯ ಕೆಳಗೇ ನೀರು.

"ಹೆದರ್ಕೋತೀಯಾ?"

"ಹೊಲದಲ್ಲಿ ನಿಂತಷ್ಟು ಇಲ್ಲ."

ತಿರುವು ಬಂತು. "ಈಗ," ಎಂದ. ಅವಳು ವಾಲಿ ಸ್ಟೀರಿಂಗು ಹಿಡಿದಳು. ಎಷ್ಟು ಗಟ್ಟಿ! ಅವನು ಮೇಲಿನಿಂದ ನೂಕಿದ, ಅವಳು ಕೆಳಗಿನಿಂದ ಎಳೆದಳು. ಅವನ ತೋಳಿನ ಬಿಸಿ ಅವಳ ತೋಳಿಗೆ ತಾಗಿತು. ಚಕ್ರ ಗೊಣಗಿತು, ಕದಲಿತು, ನೀರು ಹಿಂದೆ ಸರಿಯಿತು.

"ಶುಕ್ರವಾರ ನಮ್ಮಮ್ಮನ್ನ ಕರ್ಕೊಂಡು ಬರ್ತೀನಿ," ಎಂದ ಮುಂದೆ ನೋಡುತ್ತಲೇ. "ಬೇಡ ಅಂದ್ರೆ ಈಗ್ಲೇ ಹೇಳು."

"ಬರುವಾಗ ಬಸ್ಸಲ್ಲಿ ಬನ್ನಿ," ಎಂದಳು ಅವಳು. "ಈ ಗಾಡೀಲಿ ಬೇಡ."

ಅವನು ಜೋರಾಗಿ ನಕ್ಕುಬಿಟ್ಟ. ರಸ್ತೆ ನೇರವಾಗಿತ್ತು. ಸ್ಟೀರಿಂಗಿನ ಮೇಲೆ ನಾಲ್ಕು ಕೈಗಳೂ ಹಾಗೇ ಇದ್ದವು.

ತಲೆಯ ಮೇಲಿನ ತಗಡು ಧಡಧಡ ಸದ್ದು ಮಾಡಿತು. ಹಿಂದಿನಿಂದ ಆಂಜಿನಮ್ಮ ಕೂಗಿದಳು:

"ತಿರುವು ದಾಟ್ತಲ್ಲಾ! ಇನ್ನೂ ಏನ್ರೋ ತಿರುಗಿಸ್ತಿದ್ದೀರಾ?"