ಅಣ್ಣನ ಕಣಗಳನ್ನು ಕೊಂದವರು ಯಾರು?

ಸೂಕ್ಷ್ಮದರ್ಶಕದಡಿ ಅಣ್ಣನ ಬಿಳಿ ರಕ್ತಕಣಗಳೆಲ್ಲ ಸತ್ತು ಬಿದ್ದಿದ್ದವು. ಕೊಂದದ್ದು ತಂಗಿಯ ರಕ್ತ.

ಲ್ಯಾಬಿನ ಡಾಕ್ಟರಮ್ಮ ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಬೆಳಗಾದರೆ ಅಣ್ಣನ ಎಡಗಡೆಯ ಕಿಡ್ನಿ ತೆಗೆದು ತಂಗಿಗೆ ಹಾಕಬೇಕು. ಅದಕ್ಕೆ ಮೊದಲು ಅವನ ಕಣಗಳನ್ನು ಅವಳ ರಕ್ತದ ತಿಳಿ ಸೀರಮ್ಮಿಗೆ ಬೆರೆಸಿ ನೋಡುವುದು ಪದ್ಧತಿ. ಕಣ ಸತ್ತರೆ ಕಿಡ್ನಿಯೂ ಸಾಯುತ್ತದೆ. ಹಿಂದಿನ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತಲ್ಲ! ಈ ನಡುವೆ ಅವಳ ಮೈಗೆ ಅಣ್ಣನ ಮೇಲೆ ಹಗೆ ಹುಟ್ಟಿಸಿದವರು ಯಾರು?

ಮೊದಲು ಅನುಮಾನ ಬಿದ್ದದ್ದು ಟೆಕ್ನಿಷಿಯನ್ ಮೇಲೆ. ಟ್ಯೂಬು ಅದಲುಬದಲಾಯಿತೇ? ಅವನು ಮುಖ ಸಣ್ಣ ಮಾಡಿಕೊಂಡು ಇಬ್ಬರದ್ದೂ ಹೊಸದಾಗಿ ರಕ್ತ ತಂದು, ಡಾಕ್ಟರಮ್ಮನ ಕಣ್ಣೆದುರೇ ಪರೀಕ್ಷೆ ಮಾಡಿದ. ಮತ್ತೆ ಅದೇ ಹೆಣಗಳು. ಪಾಪ, ಅವನ ತಪ್ಪೇನೂ ಇರಲಿಲ್ಲ.

ವಾರ್ಡಿಗೆ ಹೋಗಿ ತಂಗಿಯನ್ನೇ ಕೇಳಿದರು. ಬಸಿರು, ಹಳೆಯ ಕಸಿ—ಪರರ ಕಣ ಕೊಲ್ಲುವ ಪ್ರತಿಕಾಯವನ್ನು ಮೈಯಲ್ಲಿ ಹುಟ್ಟಿಸುವಂಥ ಯಾವುದೂ ನಡೆದಿಲ್ಲ ಎಂದಳು. ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಅವಳ ತೋಳು ಗಂಟುಗಟ್ಟಿತ್ತು. ಇನ್ನು ಹೆಚ್ಚು ದಿನ ಸೂಜಿ ಹಿಡಿಯುವ ನಾಳ ಉಳಿದಿರಲಿಲ್ಲ. ಬೇರೆ ದಾನಿಯೂ ಇರಲಿಲ್ಲ. ಆದರೂ ಹುಡುಗಿ ನಗುತ್ತಿದ್ದಳು.

"ಮೊದಲಿಗಿಂತ ಗೆಲುವಾಗಿದೀನಿ ಡಾಕ್ಟ್ರೇ. ತುಟಿ ಕೆಂಪಗಾಗಿದೆ ಅಂತ ನರ್ಸಕ್ಕಾನೂ ಹೇಳಿದ್ರು."

ಡಾಕ್ಟರಮ್ಮ ಇಬ್ಬರ ರಕ್ತದ ರಿಪೋರ್ಟನ್ನೂ ತರಿಸಿಕೊಂಡರು. ಅವಳ ತುಟಿ ಕೆಂಪಾದದ್ದು ಎಲ್ಲರೂ ಖುಷಿಪಟ್ಟ ಸುದ್ದಿ. ಖುಷಿಪಟ್ಟವರು ಅನುಮಾನಪಡುತ್ತಾರೆಯೇ?

ಬಸ್ ಓಡಿಸುವ ಅಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ತಂಗಿಗೆ ರಕ್ತ ಹಾಕಿಸಿದ್ರಾ?"

ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

"ಅವಳ ಹಿಮೋಗ್ಲೋಬಿನ್ ಏರಿದೆ, ನಿಮ್ಮದು ಇಳಿದಿದೆ. ಎರಡನ್ನೂ ಒಟ್ಟಿಗೆ ಇಟ್ಟು ನಾವ್ಯಾರೂ ನೋಡ್ಲಿಲ್ಲ. ಯಾರ ರಕ್ತ ಅದು?"

"ನಂದೇ."

ಮೆಟ್ಟಿಲು ಹತ್ತಲಾರದೆ ತಂಗಿ ಏದುಸಿರು ಬಿಡುತ್ತಿದ್ದಳಂತೆ. ಹೀಗೇ ಇದ್ದರೆ ಆಪರೇಷನ್ ಮುಂದೆ ಹಾಕುತ್ತಾರೇನೋ ಎಂಬ ಭಯ. ರಕ್ತದ ಗುಂಪು ಒಂದೇ ಎಂದು ಮನೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಕೊಟ್ಟು ಅವಳಿಗೆ ಹಾಕಿಸಿದ್ದ. ಇಲ್ಲಿ ವಿಚಾರಿಸಿದಾಗ ಬಾಯಿ ಬಿಡಲಿಲ್ಲ, ತಂಗಿಗೂ ಬಿಡಬೇಡ ಎಂದಿದ್ದ. ಒಡಹುಟ್ಟಿದವನು ಕೊಟ್ಟದ್ದನ್ನು ಹೇಳಿಕೊಳ್ಳುವುದೇನು ಎಂದುಕೊಂಡಿದ್ದ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಗುಂಪು ಕೂಡಿದರೂ ರಕ್ತದ ಬಿಳಿ ಕಣಗಳ ಮೇಲೆ ಅವನದೇ ಗುರುತು ಇರುತ್ತದೆ. ಅವಳ ಮೈ ಆ ಗುರುತನ್ನು ಶತ್ರುವೆಂದು ಕಲಿತುಕೊಂಡಿದೆ. ಕಿಡ್ನಿಯ ಮೇಲೂ ಅದೇ ಗುರುತು. ಪ್ರತಿಕಾಯ ಇಳಿಸುವ ಚಿಕಿತ್ಸೆ ಇದೆ, ಆದರೆ ಇಷ್ಟು ಜೋರಾದದ್ದು ಇಳಿಯುವವರೆಗೆ ಡಯಾಲಿಸಿಸ್ ಸೂಜಿಯನ್ನು ಆ ತೋಳು ತಡೆಯುವುದಿಲ್ಲ.

"ಹಾಗಾದ್ರೆ ಇದನ್ನ ಮಾಡಿದ್ದು... ನಾನೇನಾ?"

"ನೀವೇ."

ಇಂಥ ಕಳ್ಳನನ್ನು ಹಿಡಿದು ಯಾರಿಗೇನು ಬಂತು ಎಂದು ಡಾಕ್ಟರಮ್ಮನಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ಅಣ್ಣ ಅಂಗಿ ಎತ್ತಿ ಸೊಂಟದ ಇನ್ನೊಂದು ಮಗ್ಗುಲು ತೋರಿಸಿದ.

"ಅವಳ ಮೈ ಬೇಡ ಅಂದಿದ್ದು ಎಡಗಡೇದು ತಾನೇ ಡಾಕ್ಟ್ರೇ? ಬಲಗಡೇದೂ ಇದೆ. ಅದನ್ನೂ ಒಂದ್ಸಲ ನೋಡಿಬಿಡಿ."

"ಅದೂ ನಿಮ್ಮದೇ ಅಲ್ವೇನಪ್ಪಾ," ಎಂದರು ಡಾಕ್ಟರಮ್ಮ.