ಹದಿನೈದು ಕುದುರೆಗಳು ಮತ್ತು ಹಿತ್ತಲ ಬಾಗಿಲು

"ನೂರ ತೊಂಬತ್ತೊಂಬತ್ತು," ಅಂದ ಕಾರಿನ ಯಜಮಾನ ವುಕಾನ್. ಜೇಬಿನಿಂದ ಮಡಿಸಿದ ಕಾಗದ ತೆಗೆದು ನೆವೆನಾಳ ಅಪ್ಪನ ಮುಖದ ಮುಂದೆ ಹಿಡಿದ. "ಹೋದ ಅಕ್ಟೋಬರ್‌ನಲ್ಲಿ ಇದೇ ಯಂತ್ರದಲ್ಲಿ ಇನ್ನೂರ ಹದಿನಾಲ್ಕು ಬಂದಿತ್ತು. ಚಳಿಗಾಲವೆಲ್ಲ ನೀವು ಎಂಜಿನ್ ಬಿಚ್ಚಿ ಜೋಡಿಸಿದ್ರಿ. ಈಗ ಹದಿನೈದು ಕುದುರೆ ಕಮ್ಮಿ. ಎಲ್ಲಿ ಹೋದ್ವು ಮೇಸ್ತ್ರಿ?"

ಪೇರಿಸಿಟ್ಟ ಟೈರುಗಳ ಹಿಂದೆ ಕೂತಿದ್ದ ನೆವೆನಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಆ ಕುದುರೆಗಳು ಎಲ್ಲಿ ಹೋದವು ಅಂತ ಬಹುಶಃ ಅವಳೊಬ್ಬಳಿಗೇ ಗೊತ್ತಿತ್ತು.

ಅಪ್ಪನ ಗ್ಯಾರೇಜಿನಲ್ಲಿ ಎಂಜಿನ್ನಿನ ಶಕ್ತಿಯನ್ನು ಎಲ್ಲರೂ ಕುದುರೆ ಲೆಕ್ಕದಲ್ಲೇ ಮಾತಾಡುವುದು. ನೆಲದೊಳಗೆ ಹೂತಿಟ್ಟ ದೊಡ್ಡ ಉರುಳೆಗಳ ಮೇಲೆ ಕಾರು ನಿಲ್ಲಿಸಿ, ಪಟ್ಟಿಗಳಿಂದ ಬಿಗಿಯುತ್ತಾರೆ. ಅಪ್ಪ ಒಳಗೆ ಕೂತು ಆಕ್ಸಿಲರೇಟರ್ ಒತ್ತಿದರೆ ಕಾರು ನಿಂತಲ್ಲೇ ಓಡುತ್ತದೆ, ಕಂಪ್ಯೂಟರ್ ಕುದುರೆ ಎಣಿಸುತ್ತದೆ. ಅದಕ್ಕೆ ಡೈನೊ ಅಂತ ಹೆಸರು. ಡೈನೊ ಓಡುವಾಗ ನೆವೆನಾ ಏನನ್ನೂ ಮುಟ್ಟಬಾರದು. ಅಪ್ಪ ಅವಳಿಗೆ ಹಾಕಿದ್ದ ನಿಯಮ ಅದೊಂದೇ. ಬೆಳಿಗ್ಗೆ ಅವಳು ಮುರಿದದ್ದೂ ಅದನ್ನೇ.

ಆಗಿದ್ದು ಇಷ್ಟು. ಅಜ್ಜಿ ಎಲ್ಲರಿಗೂ ಕಾಫಿ ತಂದಿದ್ದಳು. ಎಂಜಿನ್ನಿಗೆ ಗಾಳಿ ಊದುವ ದೊಡ್ಡ ಫ್ಯಾನಿನ ಹಿಂದಿನ ಹಿತ್ತಲ ಬಾಗಿಲು ಅಗಲವಾಗಿ ತೆರೆದಿತ್ತು, ಎದುರಿನ ಬೀದಿ ಬಾಗಿಲೂ ತೆರೆದಿತ್ತು, ನಡುವೆ ಬೆಟ್ಟದ ಗಾಳಿ ಸೊಂಯ್ ಅಂತ ಹಾಯುತ್ತಿತ್ತು. ಹೀಗೆ ಎರಡು ಬಾಗಿಲುಗಳ ನಡುವೆ ಹಾಯುವ ಗಾಳಿಯೆಂದರೆ ಅಜ್ಜಿಗೆ ಯಮ. ಕತ್ತು ಹಿಡಿಯುವುದು, ಕಿವಿನೋವು, ಹಲ್ಲುನೋವು, ಕಡೆಗೆ ನೆವೆನಾಳ ಗಣಿತದ ಮಾರ್ಕ್ಸ್, ಎಲ್ಲಕ್ಕೂ ಅದೇ ಕಾರಣ. ಅವಳೊಬ್ಬಳೇ ಅಲ್ಲ, ಉಝಿತ್ಸೆ ಊರಿನ ಅಜ್ಜಿಯರೆಲ್ಲ ಹಾಗೇ.

"ಕೂದಲು ಒದ್ದೆ ಇಟ್ಕೊಂಡು ಗಾಳಿಗೆ ಕೂತಿದೀಯಲ್ಲೇ. ಹೋಗು, ಆ ಬಾಗಿಲು ಹಾಕು," ಅಂದಿದ್ದಳು ಅಜ್ಜಿ.

ಅಪ್ಪ ಆಗಲೇ ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡು ಕಾರಿನಲ್ಲಿ ಕೂತಾಗಿತ್ತು, ವುಕಾನ್ ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದ. ನೆವೆನಾ ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಅಜ್ಜಿ ಲೋಟಗಳನ್ನು ಎತ್ತಿಕೊಂಡು ಮೇಲೆ ಹೋದಳು.

ಡೈನೊ ಮೂರು ಸಲ ಓಡಿತು. ಇನ್ನೂರ ಮೂರು, ಇನ್ನೂರ ಒಂದು, ನೂರ ತೊಂಬತ್ತೊಂಬತ್ತು. ಗ್ಯಾರೇಜು ಬೇಕರಿಯ ಒಲೆಯ ಹಾಗೆ ಕಾಯುತ್ತಿತ್ತು. ಪ್ರತಿ ಅಂಕಿಗೂ ವುಕಾನನ ಹುಬ್ಬು ಗಂಟಿಕ್ಕುತ್ತಿತ್ತು, ನೆವೆನಾ ಮುಚ್ಚಿದ ಬಾಗಿಲ ಕಡೆಗೇ ನೋಡುತ್ತಿದ್ದಳು. ಎಂಜಿನ್ ನಿಂತದ್ದೇ ತಡ, ಸದ್ದಿಲ್ಲದೆ ಹೋಗಿ ಬಾಗಿಲನ್ನು ಮತ್ತೆ ತೆರೆದಿಟ್ಟಳು. ಯಾರೂ ನೋಡಲಿಲ್ಲ. ಯಾರೂ ನೋಡಲಿಲ್ಲ ಅನ್ನುವುದೇ ಈಗ ಅವಳನ್ನು ಹೆಚ್ಚು ಹೆದರಿಸುತ್ತಿತ್ತು.

ಅಪ್ಪ ಟೈರುಗಳ ಗಾಳಿ ಅಳೆದ, ಸರಿಯಿತ್ತು. ಪಟ್ಟಿಗಳನ್ನು ಎಳೆದು ನೋಡಿದ, ಬಿಗಿಯೂ ಸರಿಯಿತ್ತು. ಇವೆಲ್ಲ ಸ್ವಲ್ಪ ಹೆಚ್ಚುಕಮ್ಮಿಯಾದರೂ ಅಂಕಿ ಬದಲಾಗುತ್ತದೆ, ಬೇರೆ ಡೈನೊದಲ್ಲಿ ಓಡಿಸಿದರೆ ಬೇರೆಯೇ ಬರುತ್ತದೆ ಅಂತ ವುಕಾನನಿಗೆ ಹೇಳಿದ.

"ಇದು ಬೇರೆ ಡೈನೊ ಅಲ್ವಲ್ಲ," ಅಂದ ವುಕಾನ್.

"ಅಲ್ಲ. ಹದಿನೈದು ಅಂದ್ರೆ ಜಾಸ್ತಿನೇ ಆಯ್ತು," ಅಂತ ಅಪ್ಪನೇ ಒಪ್ಪಿಕೊಂಡ.

ಭಾನುವಾರ ಬೆಟ್ಟದ ರೇಸ್ ಇತ್ತು. ಸಂಜೆಯೊಳಗೆ ಸರಿಹೋಗದಿದ್ದರೆ ಕಾರನ್ನು ಬೇರೆ ಮೇಸ್ತ್ರಿಯ ಹತ್ತಿರ ಒಯ್ಯುತ್ತೇನೆ, ಯಾಕೆ ಅಂತ ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ ಅಂದ ವುಕಾನ್. ರೇಸಿಗೆ ಬರುವವರೆಲ್ಲ ಕೇಳಿಯೇ ಕೇಳುತ್ತಾರೆ ಅಂತ ನೆವೆನಾಗೂ ಗೊತ್ತಿತ್ತು. ಆಮೇಲೆ ಅಪ್ಪನ ಹತ್ತಿರ ಯಾರು ಬರುತ್ತಾರೆ?

"ಎಂಜಿನ್ ಬಿಚ್ತೀನಿ," ಅಂದ ಅಪ್ಪ.

ಸ್ಪ್ಯಾನರ್ ಎತ್ತಿಕೊಂಡು ಬಾನೆಟ್ಟಿನ ಕೆಳಗೆ ಬಗ್ಗಿದ. ಸ್ಪ್ಯಾನರ್ ಬೋಲ್ಟಿನಿಂದ ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಅಪ್ಪನ ಕೈ ನಡುಗುತ್ತಿತ್ತು. ನೆವೆನಾ ಅದನ್ನು ಯಾವತ್ತೂ ಕಂಡಿರಲಿಲ್ಲ. ಅಪ್ಪ ಇಷ್ಟು ಸಿಟ್ಟಿನಲ್ಲಿರುವಾಗ ನಿಜ ಹೇಳಿದರೆ ಏನಾದೀತು ಅಂದುಕೊಂಡಳು. ಆದರೂ ಕಾಲು ತಾನಾಗಿಯೇ ಟೈರುಗಳ ಹಿಂದಿನಿಂದ ಹೊರಗೆ ಬಂದಿತ್ತು.

"ಅಪ್ಪಾ, ಹಿತ್ತಲ ಬಾಗಿಲು ಹಾಕಿತ್ತು."

"ತೆಗೆದೇ ಇದೆಯಲ್ಲ ಮಗಾ."

"ಈಗ ತೆಗೆದಿದ್ದು. ಕಾರು ಓಡುವಾಗ ಹಾಕಿತ್ತು. ನಾನೇ ಹಾಕಿದ್ದೆ."

ಅಪ್ಪ ನಿಧಾನವಾಗಿ ನೆಟ್ಟಗಾದ. "ಮೂರೂ ಸಲ?"

ನೆವೆನಾ ತಲೆಯಾಡಿಸಿದಳು. ಈಗ ಬೈತಾನೆ, ಈಗ ಬೈತಾನೆ ಅಂತ ಕಾದಳು. ಅಪ್ಪ ಟೈರಿನ ಮೇಲೆ ಕುಸಿದು ಕೂತು ಉದ್ದಕ್ಕೆ ಉಸಿರು ಬಿಟ್ಟ.

ಫ್ಯಾನು ಹೊಸ ಗಾಳಿ ಸಿಗದೆ ಒಳಗಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಎಂಜಿನ್ನಿಗೆ ಊದಿದೆ, ಬಿಸಿ ಗಾಳಿ ತೆಳ್ಳಗಿರುವುದರಿಂದ ಎಂಜಿನ್ನಿಗೆ ಉಸಿರು ಸಾಲದು ಅಂತ ಅವನು ವುಕಾನನಿಗೆ ವಿವರಿಸಿದ. ಶಾಖ ಅಳೆಯುವ ಕಡ್ಡಿ ಮಾತ್ರ ಬೀದಿ ಬಾಗಿಲ ಬಳಿ ತಂಪಾಗಿತ್ತು, ಹಾಗಾಗಿ ಸೆಖೆಯನ್ನು ಲೆಕ್ಕಕ್ಕೆ ಹಿಡಿದು ಅಂಕಿ ಸರಿಪಡಿಸಬೇಕಿದ್ದ ಕಂಪ್ಯೂಟರ್‌ಗೆ ಅದರ ಸುದ್ದಿಯೇ ತಿಳಿಯಲಿಲ್ಲ.

"ಒಂದು ಬಾಗಿಲು ಹದಿನೈದು ಕುದುರೆ ತಿನ್ನುತ್ತಾ?" ವುಕಾನ್ ನಂಬಲಿಲ್ಲ.

"ನೋಡೇ ಬಿಡೋಣ. ಎಂಜಿನ್ ಆರಲಿ."

ಎಂಜಿನ್ ಆರಲು ಒಂದು ಗಂಟೆ ಹಿಡಿಯಿತು. ಆಗಲೂ ಅದೇ ಅಂಕಿ ಬಂದರೆ ಅಂತ ನೆವೆನಾ ಉಗುರು ಕಚ್ಚುತ್ತಲೇ ಇದ್ದಳು. ಅಷ್ಟರಲ್ಲಿ ಅಜ್ಜಿ ಪ್ಲಮ್ ಜಾಮ್ ಸವರಿದ ಬ್ರೆಡ್ಡಿನ ತಟ್ಟೆ ಹಿಡಿದು ಬಂದಳು. ಎಲ್ಲವನ್ನೂ ಕೇಳಿದಳು.

"ಮಗೂನ ಏನೂ ಅನ್ಬೇಡ. ಹಾಕು ಅಂದಿದ್ದು ನಾನು," ಅಂದಳು.

ಗಾಳಿ ಜೋರಾಗಿ ಹಿತ್ತಲ ಬಾಗಿಲು ಪಟಾರನೆ ಮುಚ್ಚಿಕೊಂಡಿತು. ಅಪ್ಪ ಒತ್ತಿಡಲು ಕಲ್ಲು ಹುಡುಕುತ್ತಿದ್ದ. ಅಜ್ಜಿ ಕುರ್ಚಿ ಎಳೆದುಕೊಂಡು ಹೋದಳು. ಬಾಗಿಲನ್ನು ಹೊರಗೆ ಹಿತ್ತಲ ಗೋಡೆಗೆ ತಳ್ಳಿ, ಕುರ್ಚಿಯನ್ನು ಅದಕ್ಕೆ ಒತ್ತಿಟ್ಟು, ಕತ್ತಿಗೆ ಶಾಲನ್ನು ಎರಡು ಸುತ್ತು ಸುತ್ತಿ ಕೂತುಬಿಟ್ಟಳು.

"ಅಮ್ಮಾ, ಅಲ್ಲಿ ಗಾಳಿ," ಅಂದ ಅಪ್ಪ.

"ಗೊತ್ತು. ನೀನು ನಿನ್ನ ಕೆಲಸ ನೋಡು."

ನೆವೆನಾ ಮನೆಯೊಳಗಿಂದ ಸುತ್ತಿ ಹಿತ್ತಲಿಗೆ ಬಂದಳು. ಎಂಜಿನ್ ಗರ್ಜಿಸತೊಡಗಿತು. ಅಜ್ಜಿ ಮಡಿಲಲ್ಲಿ ಎರಡೂ ಮುಷ್ಟಿ ಬಿಗಿದು ಕೂತಿದ್ದಳು. ಅವಳ ಕಣ್ಣು ಬಿಗಿಯಾಗಿ ಮುಚ್ಚಿತ್ತು. ಆಗ ಟೈರುಗಳ ಹಿಂದೆ ತಾನೂ ಹೀಗೇ ಕೂತಿದ್ದು ನೆವೆನಾಗೆ ನೆನಪಾಯಿತು. ಬೋಲ್ಟಿನಿಂದ ಜಾರಿದ ಸ್ಪ್ಯಾನರ್ ನೆನಪಾಯಿತು. ಅಪ್ಪನ ಕೈ ನಡುಗಿದ್ದು ಸಿಟ್ಟಿಗಲ್ಲ, ಹೆದರಿಕೆಗೆ.

ಅವಳು ಗಾಳಿಗೆ ಬೆನ್ನು ಕೊಟ್ಟು ಅಜ್ಜಿಯ ಪಕ್ಕಕ್ಕೆ ಒತ್ತಿ ನಿಂತಳು. ಎರಡೂ ಅಂಗೈಗಳನ್ನು ಶಾಲಿನ ಮೇಲೆ, ಕತ್ತಿನ ಸುತ್ತ ಒತ್ತಿ ಹಿಡಿದಳು.

ಮೂರು ಸಲ ಗರ್ಜಿಸಿ ಎಂಜಿನ್ ನಿಂತಿತು. ಅಪ್ಪ ಬಾಗಿಲಿಗೆ ಬಂದ. ಅವನ ಮುಖವೆಲ್ಲ ಬೆವರಾಗಿತ್ತು.

"ಇನ್ನೂರ ಹದಿನಾರು, ಹದಿನೆಂಟು, ಹದಿನೇಳು," ಅಂದ.

ಅಜ್ಜಿ ಒಂದು ಕಣ್ಣು ಮಾತ್ರ ತೆರೆದಳು. "ಹಾಗಾದ್ರೆ ಬಾಗಿಲು ಹಾಕಬಹುದಾ?"

"ವುಕಾನ್ ಇನ್ನೊಂದು ಸಲ ನೋಡ್ಬೇಕಂತೆ ಅಮ್ಮಾ."

ಅಜ್ಜಿ ಮತ್ತೆ ಕಣ್ಣು ಮುಚ್ಚಿದಳು. ನೆವೆನಾ ಕೈ ತೆಗೆಯಲಿಲ್ಲ.